ಕೊನೆಯ ಸಾಲಿನ ಮೂರು ಸೀಟು

ಆಪರೇಟರ್ ತಾತನಿಗೆ ಕಿವಿ ಕೇಳಿಸುವುದಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ತಾತ ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ. ಜನ ಈಚೆಗೆ ಬಾಯಿ ಬಿಟ್ಟು ಮಾತಾಡುವುದನ್ನೇ ಮರೆತಿದ್ದಾರೆ, ಎಲ್ಲರೂ ಬಾಯಲ್ಲಿ ನೀರು ತುಂಬಿಕೊಂಡವರ ಹಾಗೆ ಗೊಣಗುತ್ತಾರೆ ಎನ್ನುವುದು ಅವರ ವಾದ. ಚಿತ್ರಮಂದಿರದ ಮೇಲಿನ ಕೋಣೆಯಲ್ಲಿ ಪ್ರೊಜೆಕ್ಟರಿನ ಪಕ್ಕ ನಿಂತೇ ಅವರ ಆಯುಷ್ಯ ಕಳೆದಿತ್ತು. ಆ ಯಂತ್ರ ಅವರಿಗೆ ಸಂಬಳ ಕೊಡಿಸಿತು, ಮನೆ ಕಟ್ಟಿಸಿತು, ಬೀದಿಯಲ್ಲಿ ಒಂದು ಹೆಸರು ಕೊಟ್ಟಿತು, ಕೊನೆಗೆ ಹೋಗುವಾಗ ಕಿವಿಯನ್ನು ಜೊತೆಗೆ ಕರೆದುಕೊಂಡು ಹೋಯಿತು. ಮಗ ತಂದುಕೊಟ್ಟ ಕಿವಿಯ ಮೆಷಿನ್ ಡ್ರಾಯರಿನಲ್ಲಿ ಮಲಗಿತ್ತು. ಹಾಕಿಕೊಂಡರೆ ಅದು ಕುಂಯ್ ಎಂದು ಕೂಗುತ್ತಿತ್ತು, ಚಮಚ ಬಿದ್ದರೆ ಗುಂಡು ಹಾರಿದ ಹಾಗೆ ಕೇಳಿಸುತ್ತಿತ್ತು.

ಹಾಗಾಗಿ ಆ ಮನೆಯಲ್ಲಿ ತಾತನ ಜೊತೆ ಮಾತಾಡಬೇಕೆಂದರೆ ಅರಚಬೇಕು. ಮಗ ಲಿಫ್ಟ್ ರಿಪೇರಿ ಮಾಡುವವನು. ಹತ್ತು ಮಹಡಿ ಕೆಳಗಿದ್ದವನಿಗೆ ಮೇಲಿನಿಂದ ಕೂಗಿ ಅಭ್ಯಾಸವಿದ್ದವನು, ಸಲೀಸಾಗಿ ಅರಚುತ್ತಿದ್ದ. ನರ್ಸಿಂಗ್ ಓದುತ್ತಿದ್ದ ಮೊಮ್ಮಗಳು ಕಿವಿಗೆ ಬಾಯಿ ಹಚ್ಚಿ ಹೇಳುತ್ತಿದ್ದಳು. ಸೊಸೆ ಎರಡೂ ಮಾಡುತ್ತಿರಲಿಲ್ಲ. ಅವಳದು ಹುಟ್ಟಾ ಮೆಲುದನಿ. ಮಾವನ ಮುಂದೆ ಗಂಟಲೆತ್ತುವುದೆಂದರೆ ಅವಳ ಪಾಲಿಗೆ ಮಾವನನ್ನು ಬೈದ ಹಾಗೆ. ಊಟಕ್ಕೆ ಬನ್ನಿ ಎನ್ನುವುದಕ್ಕೆ ಮೇಜಿನ ಮೇಲೆ ಬೆರಳಿನಿಂದ ತಟ್ಟುವಳು, ಇನ್ನಷ್ಟು ಬೇಕೇ ಎನ್ನುವುದಕ್ಕೆ ಸೌಟು ಎತ್ತಿ ತೋರಿಸುವಳು, ಅದಕ್ಕಿಂತ ದೊಡ್ಡ ವಿಷಯವಿದ್ದರೆ ಮಗಳ ಕೈಲಿ ಹೇಳಿಸುವಳು. ಮಗಳು ಅದರಲ್ಲಿನ ಉಪ್ಪು ಖಾರ ತೆಗೆದು ತಾತನಿಗೆ ಬಡಿಸುವಳು. ಮದುವೆಯಾಗಿ ಬಂದ ಲಾಗಾಯ್ತು ಸೊಸೆಯ ಬಾಯಿಂದ ಒಂದು ಪೂರ್ತಿ ವಾಕ್ಯವನ್ನು ತಾತ ಕೇಳಿರಲಿಲ್ಲ. ಅದರಿಂದ ಅವರಿಗೇನೂ ಕೊರತೆ ಅನ್ನಿಸಿರಲಿಲ್ಲ. “ನಮ್ಮ ಸೊಸೆ ಎದುರು ಮಾತಾಡೋಳೇ ಅಲ್ಲ” ಎಂದು ಬೀದಿಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಅಂಥ ಸೊಸೆ ಒಂದು ಸಂಜೆ ಊಟದ ಹೊತ್ತಿಗೆ, ಎಲ್ಲರ ತಟ್ಟೆಗೂ ಬೇಯಿಸಿದ ಆಲೂಗಡ್ಡೆ ಹಾಕಿ ಮುಗಿಸಿ, ನಿಂತಲ್ಲೇ ಏನೋ ಹೇಳಿದಳು. ಮಗನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

“ನಾಟಕಾನಾ? ನೀನಾ?” ಎಂದ ಮಗ. “ಬೆಕ್ಕು ಓಡಿಸೋಕೂ ನಿನಗೆ ಧ್ವನಿ ಏಳಲ್ಲ.”

“ಅವರೇ ಕೇಳಿದ್ದು” ಎಂದಳು ಸೊಸೆ. ಅವಳು ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ನಾಟಕದ ತಂಡ ಬಟ್ಟೆ ಹೊಲಿಯಲು ಕೊಟ್ಟಿತ್ತು. ಅಳತೆ ತೆಗೆಯಲು ಹೋದಾಗ ಯಾರೋ ನಟಿ ಬಂದಿರಲಿಲ್ಲ. ಸುಮ್ಮನೆ ಜಾಗ ತುಂಬಲು ನಿಂತು ಓದಿ ಎಂದು ನಿರ್ದೇಶಕರು ಇವಳ ಕೈಗೆ ಹಾಳೆ ಕೊಟ್ಟರು. ಕತ್ತಿನ ಸುತ್ತ ಅಳತೆಯ ಪಟ್ಟಿ ನೇತುಹಾಕಿಕೊಂಡೇ ಇವಳು ಓದಿದಳು. ಓದಿ ಮುಗಿಸಿದ ಮೇಲೆ ಯಾರೂ ಹಾಳೆ ವಾಪಸ್ ಕೇಳಲಿಲ್ಲ.

“ಸಂಜೆ ಅಡಿಗೆ?”

“ಮಾಡಿಟ್ಟು ಹೋಗ್ತೀನಿ.”

“ಬಿಸಿ ಮಾಡೋರು?”

“ಒಲೆ ಹಚ್ಚೋಕೆ ನಿಮಗೂ ಕೈ ಇದೆಯಲ್ಲಪ್ಪಾ” ಎಂದಳು ಮಗಳು.

ತಾತ ಎಲ್ಲರ ಮುಖ ನೋಡಿದರು. “ಏನಂತೆ?”

ಮೊಮ್ಮಗಳು ಕಿವಿಗೆ ಬಾಯಿ ಹಚ್ಚಿದಳು. “ಅಮ್ಮ ನಾಟಕ ಆಡ್ತಾಳಂತೆ, ತಾತ.”

“ಆಟ ಆಡ್ತಾಳಾ? ಈ ವಯಸ್ಸಲ್ಲಿ ಬಿದ್ದು ಕಾಲು ಮುರ್ಕೊಂಡ್ರೆ ಏನು ಗತಿ?”

“ಆಟ ಅಲ್ಲ ತಾತ, ನಾಟಕ. ದೊಡ್ಡ ಥಿಯೇಟರಲ್ಲಿ.”

ಥಿಯೇಟರ್ ಎಂಬ ಪದ ತಾತನಿಗೆ ಯಾವ ಕಿವಿಯಿಂದಾದರೂ ಕೇಳಿಸುತ್ತಿತ್ತು. ಅವರು ನೆಟ್ಟಗೆ ಕುಳಿತರು. “ಯಾವ ಥಿಯೇಟರ್? ಸ್ಕ್ರೀನ್ ಎಷ್ಟಗಲ ಇದೆ?”

“ಸ್ಕ್ರೀನೇ ಇಲ್ಲ. ಬರೀ ಮನುಷ್ಯರು.”

“ಬರೀ ಮನುಷ್ಯರು” ಎಂದು ತಾತ ತಮ್ಮಷ್ಟಕ್ಕೇ ಹೇಳಿಕೊಂಡರು. ರೀಲು ಹರಿದರೆ ಅಂಟಿಸಬಹುದು. ಮನುಷ್ಯ ನಡುವೆ ಮಾತು ಮರೆತರೆ ಏನು ಮಾಡುತ್ತಾರೆ? ಅದೂ ಇವಳು, ಈ ಸೌಟಿನಲ್ಲೇ ಮಾತಾಡುವವಳು? ಅವರಿಗೆ ಅದೆಷ್ಟು ಅಚ್ಚರಿಯಾಯಿತೆಂದರೆ ಆಲೂಗಡ್ಡೆಗೆ ಉಪ್ಪು ಕಮ್ಮಿಯಾಗಿದೆ ಎಂದು ಹೇಳುವುದನ್ನೇ ಮರೆತರು.

ಆಮೇಲಿನ ವಾರಗಳಲ್ಲಿ ಮನೆ ತಲೆಕೆಳಗಾಯಿತು. ಸೊಸೆ ಅಂಗಡಿಯಿಂದ ನೇರ ತಾಲೀಮಿಗೆ ಹೋಗುವಳು. ಮೊಮ್ಮಗಳು ಓದುತ್ತಾ ಅನ್ನಕ್ಕಿಟ್ಟು ಪಾತ್ರೆ ಸೀಯಿಸಿದಳು. ಸೀದ ಪಾತ್ರೆಯನ್ನು ಉಜ್ಜುವುದು ಯಾರೆಂದು ಅಪ್ಪ ಮಗಳಿಗೆ ಜಗಳ ಹತ್ತಿ, ಪಾತ್ರೆ ನೀರಿನಲ್ಲೇ ನೆನೆಯುತ್ತಾ ಉಳಿಯಿತು. ಮಗ ಇಸ್ತ್ರಿ ಕಾಣದ ಅಂಗಿ ತೊಟ್ಟು ಕೆಲಸಕ್ಕೆ ಹೋಗುತ್ತಿದ್ದ, ಬಂದು ತಣ್ಣಗಿನ ಊಟ ಉಣ್ಣುತ್ತಿದ್ದ, ಉಣ್ಣುವಷ್ಟು ಹೊತ್ತೂ ಗೊಣಗುತ್ತಿದ್ದ.

“ಮನೆ ಅನ್ನೋದು ಬಸ್ ಸ್ಟ್ಯಾಂಡ್ ಆಗಿದೆ. ಯಾವಾಗ ನೋಡಿದ್ರೂ ಒಬ್ಬರು ಬರ್ತಿರ್ತಾರೆ, ಒಬ್ಬರು ಹೋಗ್ತಿರ್ತಾರೆ.”

“ನೀವು ರಾತ್ರಿ ಪಾಳಿ ಮಾಡ್ದಾಗ ನಾನು ಹಾಗಂದಿದ್ನಾ?” ಎಂದಳು ಸೊಸೆ, ಚಪ್ಪಲಿ ಬಿಡುತ್ತಾ.

“ಅದು ಕೆಲಸ.”

“ಇದೂ ಕೆಲಸವೇ.”

ತಾತ ಇಬ್ಬರ ತುಟಿ ನೋಡಿದರು, ಏನೂ ಗೊತ್ತಾಗಲಿಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಕಿವಿ ಬೇಕಾಗಿರಲಿಲ್ಲ. ಮಾರನೆಯ ದಿನ ಯಾರೂ ಹೇಳದೆಯೇ ಅವರು ಅಡಿಗೆಮನೆಯಲ್ಲಿ ಕುಳಿತು ಆಲೂಗಡ್ಡೆಯ ಸಿಪ್ಪೆ ತೆಗೆದರು. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಯಿತು. ಅದನ್ನು ನೋಡಿ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು.

“ಟಿಕೆಟ್ ನಾನು ತರ್ತೀನಿ” ಎಂದು ಆ ರಾತ್ರಿ ಊಟಕ್ಕೆ ಕುಳಿತಾಗ ತಾತ ಘೋಷಿಸಿದರು. “ಸೀಟಿನ ವಿಷಯ ನನಗೆ ಬಿಡಿ. ಥಿಯೇಟರಲ್ಲಿ ಯಾವ ಸೀಟು ಒಳ್ಳೇದು ಅಂತ ನನಗೆ ಯಾರೂ ಹೇಳ್ಕೊಡೋದು ಬೇಡ.”

ಥಿಯೇಟರು ಊರ ನಡುವಿನ ಹಳೆಯ ಕಟ್ಟಡ. ಟಿಕೆಟ್ ಕಿಟಕಿ ಇನ್ನೂ ತೆರೆದಿರಲಿಲ್ಲ. ಒಳಗೆ ಕಸ ಗುಡಿಸುತ್ತಿದ್ದವರು ಬಾಗಿಲು ತೆರೆದಿಟ್ಟಿದ್ದರು, ತಾತ ಹಾಗೇ ಒಳಗೆ ಕಾಲಿಟ್ಟರು. ಕಾಲಿಟ್ಟವರು ಟೋಪಿ ತೆಗೆದರು. ಕೆಂಪು ಕುರ್ಚಿಗಳು ಕೆಳಗಿನಿಂದ ಶುರುವಾಗಿ ಒಂದರ ಮೇಲೊಂದು ಬಾಲ್ಕನಿಯಾಗಿ ಚಾವಣಿ ಮುಟ್ಟುವವರೆಗೂ ಏರಿದ್ದವು. ಎದುರಿಗೆ ರಂಗ, ಮರದ ಹಲಗೆಯ ಬರಿಯ ನೆಲ. ಅವರು ಅಭ್ಯಾಸಬಲದಿಂದ ಹಿಂದೆ ತಿರುಗಿ ಮೇಲಿನ ಗೋಡೆಯಲ್ಲಿ ಪ್ರೊಜೆಕ್ಟರಿನ ಕಿಂಡಿ ಹುಡುಕಿದರು. ಕಿಂಡಿ ಇರಲಿಲ್ಲ. ಇಷ್ಟು ಜನ ಬಂದು ಕುಳಿತು, ಆ ಹಲಗೆಯ ಮೇಲೆ ನಿಂತ ಒಂದು ಹೆಣ್ಣುಜೀವವನ್ನು ನೋಡುತ್ತಾರೆ, ಅವಳ ಹಿಂದೆ ಯಾವ ಯಂತ್ರವೂ ಇರುವುದಿಲ್ಲ. ಆ ಹೆಣ್ಣು ತಮ್ಮ ಮನೆಯ ಸೊಸೆ. ತಾತನ ಎದೆ ತುಂಬಿ ಬಂತು. ಗುಡಿಸುವವರು ಏನೋ ಕೇಳಿದರು, ಅವರು ತಲೆಯಾಡಿಸಿ ಹೊರಗೆ ಬಂದರು.

ಕಿಟಕಿ ತೆರೆದ ಕೂಡಲೇ ಅವರು ಗಾಜಿನ ಹತ್ತಿರ ಬಾಗಿ ಹೇಳಿದರು: “ಮೂರು ಟಿಕೆಟ್ ಕೊಡಮ್ಮ. ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಹಿಂದಿನದು, ನಟ್ಟನಡುವೆ ಇರಬೇಕು.”

ಟಿಕೆಟಿನ ಹೆಂಗಸು ಅವರನ್ನೊಮ್ಮೆ ನೋಡಿ, ಸೀಟುಗಳ ನಕ್ಷೆಯಲ್ಲಿ ಮುಂದಿನ ಸಾಲುಗಳನ್ನು ತೋರಿಸಿ ಏನೇನೋ ಹೇಳಿದಳು. ತಾತ ಎಲ್ಲದಕ್ಕೂ ಮುಗುಳ್ನಕ್ಕು ತಲೆಯಾಡಿಸಿದರು. ಬೆಲೆ ಇಷ್ಟು ಕಮ್ಮಿಯೇ ಎಂದು ಆಶ್ಚರ್ಯವಾಯಿತು. ಬಿಳಿಕೂದಲು ನೋಡಿ ರಿಯಾಯಿತಿ ಕೊಟ್ಟಿರಬೇಕು, ಒಳ್ಳೆಯ ಹೆಣ್ಣುಮಗಳು ಎಂದುಕೊಂಡು ಮನೆಗೆ ಬಂದರು.

ಊಟದ ಮೇಜಿನ ಮೇಲೆ ಟಿಕೆಟ್ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಮಗ ಎತ್ತಿ ನೋಡಿದ.

“ಅಪ್ಪ, ಇದು ಕೊನೇ ಸಾಲು.”

“ಹೌದು” ಎಂದರು ತಾತ, ಮೀಸೆಯಲ್ಲೇ ನಗುತ್ತಾ.

“ಮೇಲಿನ ಬಾಲ್ಕನಿಯ ಕೊನೇ ಸಾಲು!”

“ಮತ್ತೆ? ನಿಮ್ಮನ್ನ ಮುಂದೆ ಕೂರಿಸ್ತೀನಾ, ಕತ್ತು ನೋಯಿಸ್ಕೊಂಡು, ಶಿಳ್ಳೆ ಹೊಡಿಯೋರ ಜೊತೆ?”

ಮಗ ಹಣೆ ಹಣೆ ಚಚ್ಚಿಕೊಂಡ. “ಅದು ಸಿನಿಮಾದಲ್ಲಪ್ಪ! ನಾಟಕದಲ್ಲಿ ಮುಂದಿಂದೇ ದೊಡ್ಡೋರ ಸೀಟು. ಹಿಂದಿಂದು ಕಾಸಿಲ್ಲದೋರಿಗೆ. ಅಲ್ಲಿಂದ ಅವಳು ಇರುವೆ ಹಾಗೆ ಕಾಣ್ತಾಳೆ.”

ಸೊಸೆ ಟಿಕೆಟ್ ತೆಗೆದುಕೊಂಡು ನೋಡಿದಳು. ಮೆಲ್ಲಗೆ ಏನೋ ಹೇಳಿ, ಅದನ್ನು ಮೇಜಿನ ಮೇಲಿಟ್ಟು ಅಡಿಗೆಮನೆಗೆ ಹೋದಳು.

“ಏನಂದಳು?” ಎಂದರು ತಾತ.

“ಪರವಾಗಿಲ್ಲ ಅಂದಳು” ಎಂದಳು ಮೊಮ್ಮಗಳು.

“ಅಷ್ಟುದ್ದ ತುಟಿ ಆಡಿತಲ್ಲ. ಪರವಾಗಿಲ್ಲ ಅನ್ನೋದು ಅಷ್ಟುದ್ದ ಇದೆಯಾ? ನಿಜ ಹೇಳು.”

ಮೊಮ್ಮಗಳು ಅಡಿಗೆಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಕಿವಿಗೆ ಬಾಯಿ ಹಚ್ಚಿ, ಈ ಸಲ ಉಪ್ಪು ಖಾರ ತೆಗೆಯದೆ ಹೇಳಿದಳು. “‘ನಾನು ನಾಟಕ ಮಾಡೋದು ಮಾವನಿಗೆ ನಾಚಿಕೆ, ಅದಕ್ಕೇ ಯಾರ ಕಣ್ಣಿಗೂ ಬೀಳದ ಕಡೆ ಕೂರ್ತಾರೆ’ ಅಂದಳು.”

ಇಷ್ಟು ವರ್ಷಗಳಲ್ಲಿ ಸೊಸೆಯಿಂದ ತಾತನವರೆಗೆ ಸೋರಿಹೋಗದೆ ಬಂದು ಮುಟ್ಟಿದ ಮೊದಲ ಪೂರ್ತಿ ವಾಕ್ಯ ಅದು. ಅವರಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಅವರು ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದರು. “ನಾಚಿಕೆ ಅಲ್ಲ ಕಣಮ್ಮ. ನಮ್ಮ ಟಾಕೀಸಿಗೆ ದೊಡ್ಡ ಮನುಷ್ಯರು ಬಂದ್ರೆ, ಮಾಲೀಕರ ಮನೆಯೋರು ಬಂದ್ರೆ, ಕೊನೇ ಸಾಲಲ್ಲೇ ಕೂರಿಸ್ತಿದ್ವಿ. ನಾನು ಆ ಸಾಲಲ್ಲಿ ಒಂದಿನಾನೂ ಕೂತೋನಲ್ಲ. ನಿನ್ನ ನಾಟಕ ಅಂತ ತಂದೆ.”

ಸೊಸೆ ತೊಳೆಯುತ್ತಿದ್ದ ಲೋಟ ಕೈಯಲ್ಲೇ ಉಳಿಯಿತು. ತಿರುಗಿ ಏನೋ ಹೇಳಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಏನು ಹೇಳಿದಳೆಂದು ತಾತನಿಗೆ ಕೇಳಿಸಲಿಲ್ಲ. ಕೇಳಿಸಲಿಲ್ಲವಲ್ಲ ಎಂದು ಅವರಿಗೆ ದುಃಖವಾಗಿದ್ದು ಅದೇ ಮೊದಲು.

ಬೆಳಿಗ್ಗೆ ಎದ್ದವರೇ ಸೀಟು ಬದಲಿಸಲು ಹೋದರು. ಜೊತೆಗೆ ಮೊಮ್ಮಗಳೂ ಹೋದಳು. ಮುಂದಿನ ಸಾಲು ಇರಲಿ, ಕೆಳಗೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ವಾಪಸ್ ಬರುವಾಗ ತಾತನಿಗೆ ಅದೇ ಯೋಚನೆ. ಮುಂದೆ ಕುಳಿತಿದ್ದರೆ ಒಂದೆರಡು ಮಾತಾದರೂ ಕಿವಿಗೆ ಬೀಳುತ್ತಿತ್ತೇನೋ. ಚಾವಣಿಯ ಕೆಳಗೆ ಕುಳಿತು ಏನು ಕೇಳುವುದು? ಲೋಕಕ್ಕೆಲ್ಲ ಸೊಸೆಯ ಮಾತು ಕೇಳಿಸುತ್ತದೆ, ಒಂದೇ ಮನೆಯಲ್ಲಿ ಉಂಡ ತಮಗೊಬ್ಬರಿಗೆ ಕೇಳಿಸುವುದಿಲ್ಲ, ಅದೂ ತಮ್ಮದೇ ಜಾಣತನದಿಂದ.

“ನೀನು ಬೇಜಾರು ಮಾಡ್ಕೋಬೇಡ ತಾತ” ಎಂದಳು ಮೊಮ್ಮಗಳು. “ಅಮ್ಮಂಗೇ ಬೇರೆ ತಲೆಬಿಸಿ. ಅವಳ ಮಾತು ಐದನೇ ಸಾಲು ದಾಟಲ್ಲ ಅಂತ ನಿರ್ದೇಶಕರು ಬೈತಿದಾರೆ. ಕೊನೇ ಸಾಲಿಗೆ ಕೇಳಿಸದೇ ಇದ್ರೆ ಪಾತ್ರ ಬೇರೆಯೋರಿಗಂತೆ.”

ತಾತ ರಸ್ತೆಯಲ್ಲೇ ನಿಂತರು. “ಯಾವ ಸಾಲಿಗೆ?”

“ಕೊನೇ ಸಾಲಿಗೆ.”

ಅವತ್ತಿನಿಂದ ಮನೆಯ ತಾರಸಿ ರಂಗವಾಯಿತು. ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದ ಸೊಸೆ ಒಂದು ತುದಿಯಲ್ಲಿ ನಿಲ್ಲುವಳು, ನೀರಿನ ಟ್ಯಾಂಕಿನ ಆಚೆ ಮಗಳು. ಸೊಸೆಯದು ನದಿಯ ದಡದಲ್ಲಿ ದೋಣಿಗೆ ಕಾಯುವ ಹೆಂಗಸಿನ ಪಾತ್ರ, ಆಚೆ ದಡಕ್ಕೆ ಕೇಳುವಂತೆ ಕೂಗಬೇಕು. ಪಕ್ಕದ ಮನೆಯಾಕೆ ಎರಡು ದಿನ ತಡೆದುಕೊಂಡು, ಮೂರನೆಯ ದಿನ ಗೋಡೆಯ ಮೇಲಿಂದ ಇಣುಕಿ, ಮನೆಯಲ್ಲಿ ಏನಾದರೂ ಜಗಳವೇ ಎಂದು ಆಸೆಯಿಂದ ಕೇಳಿದಳು. ಅಡಿಗೆಮನೆಯಲ್ಲೂ ಇದೇ. ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಉಸಿರೆಳೆಯುವಳು, ಉಸಿರು ಬಿಡುವಳು, ನಡುವೆ ಒಲೆಯ ಮೇಲಿನದನ್ನು ಕಲಕುವಳು.

“ಇಷ್ಟು ಯಾಕೆ ಒದ್ದಾಡ್ತೀಯ?” ಎಂದ ಮಗ ಒಂದು ದಿನ. ಗೊಣಗು ಎಷ್ಟೋ ಇಳಿದಿತ್ತು. ಅವನೇ ಮೊಟ್ಟೆ ಬೇಯಿಸಿ ಸುಲಿಯುತ್ತಿದ್ದ.

“ಮಾವ ಅಲ್ಲೇ ಕೂರ್ತಾರಲ್ಲ” ಎಂದಳು ಅವಳು. “ಅವರಿಗೆ ಕೇಳಿಸಿದ್ರೆ ಇನ್ಯಾರಿಗೂ ಕೇಳಿಸದೇ ಇರಲ್ಲ.”

ತಾತ ಅಂಗಳದಿಂದ ಕತ್ತೆತ್ತಿ ತಾರಸಿ ನೋಡುವರು. ಒದ್ದೆ ಬಟ್ಟೆಗಳ ನಡುವೆ ಸೊಸೆ ಆಕಾಶಕ್ಕೆ ಮುಖವೆತ್ತಿ ಬಾಯಿ ತೆರೆಯುವುದು ಕಾಣುತ್ತಿತ್ತು. ಕುತ್ತಿಗೆಯ ನರ ಬಿಗಿಯುವುದು ಕಾಣುತ್ತಿತ್ತು. ಬೇರೇನೂ ಇಲ್ಲ.

ಮೊಮ್ಮಗಳು ಮೆಟ್ಟಿಲಲ್ಲಿ ಅಡ್ಡ ನಿಂತಳು. “ನೀನು ಮೇಲೆ ಬರೋ ಹಾಗಿಲ್ವಂತೆ ತಾತ. ಅಮ್ಮಂಗೆ ನಿನ್ನ ಕಂಡ್ರೆ ಗಂಟಲು ಕಟ್ಟುತ್ತಂತೆ.”

“ಬಂದ್ರೂ ಏನು ಪ್ರಯೋಜನ” ಎಂದರು ತಾತ. “ನನಗೆ ಕಿವಿ ಕೇಳಿಸಲ್ವಲ್ಲ.”

ಹಾಗೆಂದವರು ತಾವೇ ಬೆಚ್ಚಿ ಮೊಮ್ಮಗಳ ಮುಖ ನೋಡಿದರು. ಅವಳು ಅವರ ಕೈ ಹಿಡಿದುಕೊಂಡಳು.

ನಾಟಕದ ದಿನ ತಾತ ಮಗನ ಹೆಗಲು ಹಿಡಿದು ಥಿಯೇಟರಿನ ಮೆಟ್ಟಿಲು ಹತ್ತಿದರು. ಹತ್ತಿದಷ್ಟೂ ಮೆಟ್ಟಿಲು. ಕೊನೆಯ ಸಾಲಿನಲ್ಲಿ ಕುಳಿತಾಗ ಕೈ ಚಾಚಿದರೆ ಚಾವಣಿ ಸಿಗುವಂತಿತ್ತು, ರಂಗ ಕೆಳಗೆಲ್ಲೋ ಊಟದ ತಟ್ಟೆಯಷ್ಟು ಕಾಣುತ್ತಿತ್ತು. ಮೊಮ್ಮಗಳ ಬಲವಂತಕ್ಕೆ ಕಿವಿಗೆ ಮೆಷಿನ್ ಹಾಕಿಕೊಂಡಿದ್ದರು. ಜನ ತುಂಬುತ್ತಿದ್ದಂತೆ ಅದು ಕುಂಯ್ ಎಂದಿತು, ಮುಂದಿನ ಸಾಲಿನವರು ತಿರುಗಿ ನೋಡಿದರು. ತಾತ ಅದನ್ನು ಕಿತ್ತು ಜೇಬಿಗೆ ಹಾಕಿದರು. ಸೊಸೆಯ ನಾಟಕಕ್ಕೆ ತಮ್ಮಿಂದ ಒಂದು ಅಪಶ್ರುತಿ ಬೇಡ.

ದೀಪ ಆರಿತು. ತಲೆಯ ಮೇಲಿಂದ ಬೆಳಕಿನ ಕೋಲು ಹಾಯುತ್ತದೆಂದು ಅವರು ಮುಖವೆತ್ತಿದರು. ಕತ್ತಲೆ ಕತ್ತಲೆಯಾಗಿಯೇ ಉಳಿಯಿತು. ಬೆಳಕು ಅಲ್ಲಿ ಹುಟ್ಟಿತು, ದೂರದಲ್ಲಿ, ಹಲಗೆಯ ಮೇಲೆ. ಯಾರೋ ಬಂದರು, ಯಾರೋ ಹೋದರು. ಬಾಯಿಗಳು ಆಡಿದವು. ಜನ ನಕ್ಕಾಗ ತಾತನೂ ಒಂದು ಉಸಿರು ತಡವಾಗಿ ನಕ್ಕರು. ಏನೂ ಕೇಳಿಸುತ್ತಿರಲಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಇಷ್ಟೇ ತಮ್ಮ ಪಾಲು ಎಂದು ಸಮಾಧಾನ ಮಾಡಿಕೊಂಡರು.

ಆಮೇಲೆ ರಂಗ ಪೂರ್ತಿ ಖಾಲಿಯಾಯಿತು. ಒಬ್ಬ ಹೆಂಗಸು ತಲೆಯ ಮೇಲೆ ಗಂಟು ಹೊತ್ತು ಬಂದಳು. ಯಾರೋ ಇವಳು ಎಂದುಕೊಂಡರು ತಾತ. ಅವಳು ಗಂಟು ಇಳಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಬಲಗೈಯ ಹಿಂಬದಿಯಿಂದ ಹಣೆ ಒರೆಸಿಕೊಂಡಳು. ಅದು ಒಲೆಯ ಮುಂದೆ ದಿನಾ ನೋಡುವ ಕೈ. ತಾತ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡರು. ಅವಳು ಮುಖವೆತ್ತಿದಳು. ಕೆಳಗಿನ ಸಾಲುಗಳನ್ನು ದಾಟಿ, ಬಾಲ್ಕನಿಗಳನ್ನು ದಾಟಿ, ಅವಳ ದೃಷ್ಟಿ ನೇರ ಇಲ್ಲಿಗೇ ಬಂತು.

“ಓ... ಆಚೆ ದಡದವರೇ...”

ತಾತನಿಗೆ ಕೇಳಿಸಿತು.

ಅದು ಅರಚಾಟವಾಗಿರಲಿಲ್ಲ. ಮಗ ಅರಚಿದಾಗ ಮಾತು ಒಡೆದು ಚೂರಾಗಿ ಬರುತ್ತಿತ್ತು. ಇದು ಇಡಿಯಾಗಿ ಬಂತು. ಆ ಎತ್ತರಕ್ಕೆ ಒಂದೊಂದೇ ಅಕ್ಷರ ಹತ್ತಿ ಬಂದು, ಚಾವಣಿಯ ಕೆಳಗೆ ಒಂದು ಗಳಿಗೆ ನಿಂತು, ಅವರ ಕಿವಿಯೊಳಗೆ ಇಳಿಯಿತು. ಧ್ವನಿ ತೆಳ್ಳಗಿರಬಹುದೆಂದು ಅವರು ಎಣಿಸಿದ್ದರು. ತೆಳ್ಳಗಿರಲಿಲ್ಲ. ತುಂಬಿದ ಧ್ವನಿ, ಸ್ವಲ್ಪ ಒರಟು, ಕೊನೆಯಲ್ಲಿ ಬಾಗುವಂಥದ್ದು. ಇದು ನಮ್ಮ ಮನೆಯಲ್ಲೇ ಇತ್ತೇ? ದಿನಾ ನಮ್ಮ ಅನ್ನ ಬೇಯಿಸಿಕೊಂಡು, ನಮ್ಮ ಬಟ್ಟೆ ಒಗೆದುಕೊಂಡು, ಇದು ನಮ್ಮ ಜೊತೆಗೇ ಇತ್ತೇ? ಎದುರು ಮಾತಾಡುವವಳೇ ಅಲ್ಲ ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗಿದ್ದು ನೆನಪಾಗಿ ಅವರಿಗೆ ನಾಚಿಕೆಯಾಯಿತು.

“ಆಚೆ ದಡದವರೇ... ಯಾರಾದರೂ ಇದ್ದೀರಾ?”

ಪಕ್ಕದಲ್ಲಿ ಮಗ ಮೂಗು ಒರೆಸಿಕೊಳ್ಳುತ್ತಿದ್ದ. ತಾತನಿಗೆ ಅವನು ಕಾಣಲಿಲ್ಲ, ಥಿಯೇಟರು ಕಾಣಲಿಲ್ಲ. ಒಂದು ಹೆಣ್ಣು ದಡದಲ್ಲಿ ನಿಂತು ಕೂಗುತ್ತಿದ್ದಾಳೆ. ಎಷ್ಟು ಕಾಲದಿಂದ ಕೂಗುತ್ತಿದ್ದಾಳೋ.

“ಯಾರಾದರೂ ಇದ್ದೀರಾ?”

ತಾತ ಎದ್ದು ನಿಂತರು.

“ಇದ್ದೀನಮ್ಮಾ” ಎಂದರು. “ಇಲ್ಲೇ ಇದ್ದೀನಿ.”

ಕಿವುಡರ ಮಾತು ಯಾವಾಗಲೂ ಒಂದು ಕೈ ಜೋರು. ಥಿಯೇಟರಿಗೆ ಥಿಯೇಟರೇ ಹಿಂದೆ ತಿರುಗಿತು. ಮಗ ಕುರ್ಚಿಯಲ್ಲಿ ಮುದುಡಿಹೋದ, ಮೊಮ್ಮಗಳು ತಾತನ ಕೋಟು ಹಿಡಿದು ಜಗ್ಗಿ ಕೂರಿಸಿದಳು. ಕೆಳಗೆ ರಂಗದ ಮೇಲೆ ಸೊಸೆ ಹಾಗೇ ನಿಂತಿದ್ದಳು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಆಮೇಲೆ ಅವಳು ಕೈ ಇಳಿಸಿದಳು, ಗಂಟಿನ ಪಕ್ಕದಲ್ಲಿ ಕುಳಿತಳು, ಆಚೆ ದಡದಲ್ಲಿ ಜನವಿದೆ ಎಂದು ಗೊತ್ತಾದವಳ ಹಾಗೆ ನೆಮ್ಮದಿಯಿಂದ ಕಾಲು ಚಾಚಿದಳು. ನಾಟಕ ಮುಂದುವರಿಯಿತು.

ಮುಗಿದ ಮೇಲೆ ಹಿಂದಿನ ಬಾಗಿಲ ಹತ್ತಿರ ದೀಪದ ಕೆಳಗೆ ಮೂವರೂ ಕಾಯುತ್ತಿದ್ದರು.

“ಮಾನ ಮೂರು ಕಾಸಿಗೆ ಹೋಯ್ತಪ್ಪ” ಎಂದು ಮಗ ತಾತನ ಕಿವಿಗೆ ಅರಚಿದ. “ಅಲ್ಲಿ ಯಾರೂ ಉತ್ತರ ಕೊಡಬಾರದು. ಅದೇ ಕಥೆ!”

ತಾತನ ಮುಖ ಇಳಿಯಿತು. ಕಥೆ ಅವರಿಗೆ ತಿಳಿದಿರಲಿಲ್ಲ. ಕರೆದದ್ದು ಕೇಳಿಸಿತು, ಓ ಎಂದರು. ಅಷ್ಟು ದಿನ ಅವಳು ಬಿಸಿಲಲ್ಲಿ ನಿಂತು ಕಟ್ಟಿದ್ದನ್ನು ತಾವು ಒಂದೇ ಮಾತಿನಲ್ಲಿ ಕೆಡವಿದೆವೇನೋ ಎಂದು ಅವರಿಗೆ ಭಯವಾಯಿತು.

ಬಾಗಿಲು ತೆರೆದು ಸೊಸೆ ಹೊರಬಂದಳು. ಅರ್ಧ ಬಣ್ಣ ಒರೆಸಿತ್ತು, ಅರ್ಧ ಹಾಗೇ ಇತ್ತು. ಗಂಡನನ್ನು ನೋಡಲಿಲ್ಲ, ಮಗಳನ್ನು ನೋಡಲಿಲ್ಲ. ಮಗಳು ಮಾತು ದಾಟಿಸಲು ತಾತನ ಕಿವಿಯ ಹತ್ತಿರ ಸರಿದಳು. ಸೊಸೆ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮಾವನ ಎದುರಿಗೆ ಬಂದು ನಿಂತು, ಹೊಟ್ಟೆಯಿಂದ ಉಸಿರೆಳೆದುಕೊಂಡಳು.

“ಮಾವ” ಎಂದಳು. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. “ಇಷ್ಟು ದಿನ ಕರೆದೆ, ಒಬ್ಬರೂ ಓ ಅಂದಿರಲಿಲ್ಲ. ಇವತ್ತು ನೀವು ಅಂದ್ರಿ.”

ತಾತ ಪ್ರತಿ ಅಕ್ಷರವನ್ನೂ ಕೇಳಿದರು. ಟೋಪಿಯನ್ನು ಕೈಯಲ್ಲಿ ತಿರುಗಿಸಿದರು.

“ನಾಳೆ ಆಟಕ್ಕೂ ಓ ಅನ್ನಬೇಕೇನಮ್ಮ?”

ಸೊಸೆ ನಕ್ಕಳು. ನಕ್ಕದ್ದೂ ಅವರಿಗೆ ಕೇಳಿಸಿತು.